ಮಗನ ಮಾತ್ರೆ, ಅತ್ತೆಯ ಪ್ರಶ್ನೆ

ಕಳೆದ ಮಂಗಳವಾರ ರಾತ್ರಿ ನಾದಿನಿ ಫೋನ್ ಮಾಡಿದಳು. ಅವಳ ಸಣ್ಣ ಮಗನಿಗೆ ಒಂಬತ್ತು ವರ್ಷ. ಅವನ ರಕ್ತ ಪರೀಕ್ಷೆಯ ರಿಪೋರ್ಟ್ ಬಂದಿತ್ತು. ಕೆಟ್ಟ ಕೊಲೆಸ್ಟರಾಲ್ ಅನ್ನುವ ಎಲ್‌ಡಿಎಲ್ 211. ನಂಬರ್ ಓದಿ ಹೇಳಿದವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅತ್ತಿಗೆ, ಕೊಲೆಸ್ಟರಾಲ್ ಇಳಿಸುವ ಆ ಮಾತ್ರೆ ಕೊಟ್ಟರೆ ಅವನ ತಲೆಗೆ ಏನಾದರೂ ಆಗ್ತದಾ?"

ತಲೆಗೆ ಎಂದರೆ ಬುದ್ಧಿಗೆ, ನೆನಪಿಗೆ, ಓದಿಗೆ. ನಮ್ಮ ಮನೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಆರು ವರ್ಷದ ಹಿಂದೆ ಇದನ್ನೇ ನಮ್ಮ ಅತ್ತೆ ಜಗಲಿಯಲ್ಲಿ ಕೂತು ನನ್ನನ್ನು ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದು ಬರೆದು ಕಳಿಸ್ತೇನೆ ಅಂದೆ. ಬರೆಯಲು ಕೂತಾಗ ಅನಿಸಿತು, ಇದನ್ನು ಕನ್ನಡದಲ್ಲಿ ಹುಡುಕಿ ಸಿಗದೆ ಒದ್ದಾಡಿದ ಬೇರೆ ತಾಯಂದಿರೂ ಇರಬಹುದು, ಇಲ್ಲೇ ಹಾಕಿಬಿಡುತ್ತೇನೆ ಎಂದು. ನಮ್ಮ ಕಾಸರಗೋಡಿನಲ್ಲಿ ಆರೋಗ್ಯದ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಅತ್ತೆಗೆ ಎರಡೂ ಓದಲು ಬರುವುದಿಲ್ಲ. ಆದರೆ ಮಗುವಿಗೆ ಏನು ಕೊಡಬೇಕು, ಏನು ಕೊಡಬಾರದು ಎನ್ನುವಾಗ ಮನೆಯಲ್ಲಿ ಅವರ ಮಾತಿಗೇ ತೂಕ ಜಾಸ್ತಿ.

ನಾನು ಡಾಕ್ಟರ್ ಅಲ್ಲ. ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಮಂಗಳೂರಿನ ಡಾಕ್ಟರು ಹೇಳಿದ್ದು, ಅವರು ಹೆಸರು ಹೇಳಿದ ಅಧ್ಯಯನಗಳನ್ನು ನಾನೇ ಕೂತು ಓದಿದ್ದು, ಮಗನ ಜೊತೆ ಆರು ವರ್ಷ ಕಂಡದ್ದು, ಇಷ್ಟೇ ನನ್ನ ಬಂಡವಾಳ.

2019ರ ನವೆಂಬರಿನಲ್ಲಿ ಇವರಿಗೆ, ನನ್ನ ಗಂಡನಿಗೆ, ಹೃದಯಾಘಾತ ಆಯಿತು. ಆಗ ವಯಸ್ಸು 39. ಬೀಡಿ ಇಲ್ಲ, ಕುಡಿತ ಇಲ್ಲ, ಮೈಯಲ್ಲಿ ಬೊಜ್ಜಿಲ್ಲ, ದಿನಾ ತೋಟದಲ್ಲಿ ದುಡಿಯುವ ಮನುಷ್ಯ. ಪೆರ್ಲದಿಂದ ಒಳಗಿನ ನಮ್ಮ ಮನೆಯಿಂದ ಮಂಗಳೂರು ಮುಟ್ಟುವಷ್ಟರಲ್ಲಿ ನನ್ನ ಜೀವವೇ ಕೈಯಲ್ಲಿತ್ತು. ಸ್ಟೆಂಟ್ ಹಾಕಿದರು, ಬದುಕಿದರು. ಮೂರನೇ ದಿನ ಡಾಕ್ಟರು ಬಂದು ಎದೆ ನೋಡುವ ಬದಲು ಇವರ ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಭಾಗವನ್ನು ಒತ್ತಿ ನೋಡಿದರು. ಅದು ದಪ್ಪ ಇತ್ತು. ಚಪ್ಪಲಿ ಉಜ್ಜಿ ಹಾಗಾಗಿದೆ ಎಂದು ನಾವು ಅಂದುಕೊಂಡಿದ್ದೆವು. ಅಲ್ಲಿ ಕೊಲೆಸ್ಟರಾಲ್ ಕೂತಿದೆ ಎಂದು ಅವರು ಹೇಳಿದರು. ಮತ್ತೆ ಕೇಳಿದ್ದು, "ಇವರ ತಂದೆ ಇದ್ದಾರಾ?"

ಮಾವ ಇಲ್ಲ. 44ನೇ ವರ್ಷಕ್ಕೆ ಹೋದರು. ಒಂದು ಬೆಳಿಗ್ಗೆ ಎದೆ ಉರಿಯುತ್ತದೆ, ಗ್ಯಾಸ್ ಇರಬೇಕು ಎಂದು ಓಮದ ನೀರು ಕುಡಿದು ಮಲಗಿದವರು ಏಳಲಿಲ್ಲವಂತೆ. ಅವರ ಅಣ್ಣ 47ಕ್ಕೆ. ಊರಿನಲ್ಲಿ ಅದನ್ನು ಆ ಮನೆಯ ಗಂಡಸರ ಆಯುಷ್ಯವೇ ಅಷ್ಟು ಎಂದು ಹೇಳುತ್ತಿದ್ದರು. ನಾಗನಿಗೆ ತಂಬಿಲ ಕೊಟ್ಟರು, ಜಾತಕ ತೋರಿಸಿದರು. ಅದು ಆಯುಷ್ಯ ಅಲ್ಲ, ಒಂದು ಕಾಯಿಲೆ, ಅದಕ್ಕೆ ಹೆಸರಿದೆ ಎಂದು ಆ ದಿನವೇ ನಮಗೆ ಗೊತ್ತಾದದ್ದು. ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ. ವಂಶದಲ್ಲಿ ಬರುವ ಅತಿ ಕೊಲೆಸ್ಟರಾಲ್.

ಇದು ಹೇಗೆ ಆಗುತ್ತದೆ ಎಂದು ಅತ್ತೆಗೆ ನಾನು ಅಡಿಕೆ ಲೆಕ್ಕದಲ್ಲಿ ಹೇಳಿದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕೊಲೆಸ್ಟರಾಲನ್ನು ಹಿಡಿದು ಒಳಗೆಳೆದುಕೊಳ್ಳುವುದು ಲಿವರಿನ ಕೆಲಸ. ಅದಕ್ಕಾಗಿ ಲಿವರಿನ ಜೀವಕೋಶಗಳ ಮೇಲೆ ಕೊಂಡಿಗಳ ಹಾಗಿರುವ ರಿಸೆಪ್ಟರ್‌ಗಳಿವೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು ಜೀನ್ ಬಂದು ಆ ಕೊಂಡಿಗಳನ್ನು ಮಾಡಿಸುತ್ತವೆ. ಒಂದು ಜೀನ್ ಕೆಟ್ಟಿದ್ದರೆ ಕೊಂಡಿಗಳು ಸುಮಾರು ಅರ್ಧ. ಅಡಿಕೆ ಸುಲಿಯಲು ಹತ್ತು ಜನ ಬೇಕಾದ ಅಂಗಳದಲ್ಲಿ ಐದೇ ಜನ ಕೂತರೆ ಏನಾಗುತ್ತದೆ? ಸುಲಿಯುವವರು ಸೋಮಾರಿಗಳಲ್ಲ, ಅಡಿಕೆಯೂ ಜಾಸ್ತಿ ಬಂದಿಲ್ಲ, ಆದರೂ ರಾಶಿ ಉಳಿಯುತ್ತದೆ. ಹುಟ್ಟಿದ ದಿನದಿಂದ ಹಾಗೆ ಉಳಿಯುತ್ತಾ ಬಂದದ್ದು ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ. ಈ ಕೊಂಡಿಗಳ ಗುಟ್ಟು ಬಿಡಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅಷ್ಟು ಹಳೆಯ ವಿಷಯ, ನಮ್ಮ ಮನೆಗೆ ಮುಟ್ಟಲು 2019 ಆಯಿತು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಚಿಕಿತ್ಸೆ ಇಲ್ಲದಿದ್ದರೆ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 50 ತುಂಬುವುದರೊಳಗೆ ಹೃದಯದ ತೊಂದರೆ ಬರುತ್ತದೆ.

ಹಾಗಾಗಿ ಮಕ್ಕಳಿಬ್ಬರ ರಕ್ತ ಪರೀಕ್ಷೆ ಮಾಡಿಸಿದೆವು. ಸಣ್ಣವಳಿಗೆ ಆಗ ಆರು ವರ್ಷ, ಎಲ್‌ಡಿಎಲ್ 92, ಏನೂ ತೊಂದರೆ ಇಲ್ಲ. ದೊಡ್ಡವನಿಗೆ ಹತ್ತು, 242. ಒಂದೇ ಪರೀಕ್ಷೆ ನಂಬಬಾರದು ಎಂದು ಡಾಕ್ಟರು ಇನ್ನೊಮ್ಮೆ ಮಾಡಿಸಿದರು, ಥೈರಾಯ್ಡ್ ಕೂಡ ನೋಡಿದರು, ಯಾಕೆಂದರೆ ಥೈರಾಯ್ಡ್ ಕಡಿಮೆ ಇದ್ದರೂ ಕೊಲೆಸ್ಟರಾಲ್ ಏರುತ್ತದೆ. ಥೈರಾಯ್ಡ್ ಸರಿಯಿತ್ತು. ನಡುವೆ ಒಂದು ತಿಂಗಳು ನಾನು ತೆಂಗಿನೆಣ್ಣೆ ಇಳಿಸಿದೆ, ಹಪ್ಪಳ ಚಿಪ್ಸ್ ನಿಲ್ಲಿಸಿದೆ, ಮೇಲಾರಕ್ಕೆ ಕಾಯಿ ಅರ್ಧ ಮಾಡಿದೆ. 236 ಬಂತು. ಊಟದ ಕಟ್ಟುಪಾಡು ಒಳ್ಳೆಯದೇ, ಈಗಲೂ ಪಾಲಿಸುತ್ತೇವೆ, ಆದರೆ ಈ ಕಾಯಿಲೆಯಲ್ಲಿ ಅದೊಂದರಿಂದ ಇಳಿಯುವುದು ಸ್ವಲ್ಪವೇ. ಕೊಂಡಿ ಅರ್ಧ ಇರುವ ಮಗುವಿಗೆ ನೀನು ತಿಂದದ್ದರಿಂದ ಹೀಗಾಯಿತು ಎಂದು ಹೇಳುವುದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಮನೆಗೆ ಬಂದವರೆಲ್ಲಾ ಅವನಿಗೆ ಅದನ್ನೇ ಹೇಳುತ್ತಿದ್ದರು.

ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಜಾತಿಯ ಮಾತ್ರೆ ಬರೆದರು. ರೋಸುವಾಸ್ಟ್ಯಾಟಿನ್, 5 ಮಿಲಿಗ್ರಾಂ, ರಾತ್ರಿ ಒಂದು.

ಮಾತ್ರೆ ತಂದು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಇಟ್ಟೆ. ಹನ್ನೆರಡು ದಿನ ಅದು ಅಲ್ಲಿಯೇ ಇತ್ತು. ಅತ್ತೆ ಕೇಳಿದ್ದು ಆಗಲೇ. "ಬೆಳೆಯುವ ಮಗು ಮಾರಾಯ್ತಿ. ಇಂಥ ಮದ್ದು ಕೊಟ್ಟು ನಾಳೆ ಅವನ ತಲೆಗೆ ಏನಾದರೂ ಆದರೆ ಯಾರು ನೋಡ್ತಾರೆ?"

ಈ ಮಾತನ್ನು ಹೊರಗಿನವರು ಕೇಳಿದರೆ ಹಳ್ಳಿಯ ಅಜ್ಜಿಯ ಹೆದರಿಕೆ ಅನ್ನಬಹುದು. ನಾನು ಹಾಗೆ ಅನ್ನಲಾರೆ. ನಮ್ಮ ಎಣ್ಮಕಜೆಯ ಕಡೆ ಗೇರು ಗುಡ್ಡೆಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ತೋಡು, ಸುರಂಗ, ಬಾವಿ, ಮನೆ, ಶಾಲೆ. ಏನೂ ಆಗುವುದಿಲ್ಲ ಎಂದೇ ಜನರಿಗೆ ಹೇಳಿದ್ದು. ಆಮೇಲೆ ಪಡ್ರೆಯಂಥ ಊರುಗಳಲ್ಲಿ ಮಕ್ಕಳಿಗೆ ಏನಾಯಿತು ಎನ್ನುವುದನ್ನು ನಾನು ವಿವರಿಸುವುದು ಬೇಡ, ಓದುವ ನಿಮಗೆ ಗೊತ್ತಿದೆ. ಅತ್ತೆಯ ತಂಗಿಯ ಮನೆಯ ಪಕ್ಕದಲ್ಲೇ ಒಂದು ಹುಡುಗ ಇದ್ದ. ನನ್ನ ಇವರದೇ ವಯಸ್ಸು. ಅವನ ಅಮ್ಮ ಇಪ್ಪತ್ತೆರಡು ವರ್ಷ ಅವನಿಗೆ ಕೈಯಾರೆ ಉಣ್ಣಿಸಿದ್ದನ್ನು ಅತ್ತೆ ನೋಡಿದ್ದಾರೆ. ಅಂಥವರು "ಇದು ಸುರಕ್ಷಿತ" ಎನ್ನುವ ಒಂದು ಮಾತನ್ನು ಹೇಗೆ ಸುಮ್ನೆ ನಂಬಬೇಕು? ಅವರ ಪ್ರಶ್ನೆ ಸರಿಯಾದ ಪ್ರಶ್ನೆ.

ಮುಂದಿನ ಭೇಟಿಯಲ್ಲಿ ಡಾಕ್ಟರ ಎದುರು ನಾನು ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಅವರು ಹೇಳಿದ್ದು ಇಷ್ಟು, "ಅಲ್ಲಿ ಸುರಕ್ಷಿತ ಅಂದದ್ದು ಮಕ್ಕಳನ್ನು ಪರೀಕ್ಷೆ ಮಾಡದೆ. ಇಲ್ಲಿ ಪರೀಕ್ಷೆ ಮಾಡಿದ್ದಾರೆ. ನೀವು ಓದಿ ನೋಡಿ, ಆಮೇಲೆ ತೀರ್ಮಾನ ಮಾಡಿ."

ಈ ಮಾತು ನನ್ನ ತಲೆಯೊಳಗೆ ಕೂತಿತು. ಎಂಡೋಸಲ್ಫಾನಿನಲ್ಲೂ ಸತ್ಯ ಹೊರಬಂದದ್ದು ಹೋಲಿಕೆಯಿಂದಲೇ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನೂ ಸಿಂಪಡಣೆ ಇಲ್ಲದ ಮೀಂಜ ಪಂಚಾಯತಿನ ಮಕ್ಕಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಪಡ್ರೆಯಲ್ಲಿ ನರ, ನಡವಳಿಕೆ, ಬೆಳವಣಿಗೆಯ ತೊಂದರೆಗಳು ಜಾಸ್ತಿ ಎಂದು ಬರೆದರು. ಆದರೆ ಅದು ಇಪ್ಪತ್ತು ವರ್ಷ ಸುರಿದ ಮೇಲೆ ಮಾಡಿದ ಹೋಲಿಕೆ. ಮದ್ದಿನಲ್ಲಿ ಆ ಹೋಲಿಕೆಯನ್ನು ಮೊದಲೇ ಮಾಡಬೇಕು, ಕೆಲವು ಮಕ್ಕಳಿಗೆ ನಿಜವಾದ ಮದ್ದು, ಕೆಲವರಿಗೆ ಅದೇ ತರ ಕಾಣುವ ಖಾಲಿ ಮದ್ದು ಕೊಟ್ಟು, ಯಾರಿಗೆ ಯಾವುದು ಎಂದು ಮಕ್ಕಳಿಗೂ ನೋಡುವ ಡಾಕ್ಟರಿಗೂ ಗೊತ್ತಿಲ್ಲದ ಹಾಗೆ. ಹಾಗೆ ಮಾಡಿದ್ದಾರಾ ಎನ್ನುವುದನ್ನೇ ನಾನು ಹುಡುಕಲು ಹೊರಟೆ.

ಮೊದಲು ಮೆದುಳಿನ ವಿಷಯ. ವಾಟ್ಸಾಪಿನಲ್ಲಿ ಆಗ ಒಂದು ಸಂದೇಶ ಓಡಾಡುತ್ತಿತ್ತು, ಮೆದುಳು ಕೊಲೆಸ್ಟರಾಲಿನಿಂದಲೇ ಆಗಿದೆ, ಅದನ್ನು ಇಳಿಸಿದರೆ ಬುದ್ಧಿ ಇಳಿಯುತ್ತದೆ ಎಂದು. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಮೆದುಳಿನ ತೂಕ ಮೈ ತೂಕದ ನೂರಕ್ಕೆ ಎರಡರಷ್ಟು. ಆದರೆ ಮೈಯಲ್ಲಿರುವ ಕೊಲೆಸ್ಟರಾಲಿನ ಸುಮಾರು ಐದನೇ ಒಂದು ಭಾಗ ಅಲ್ಲಿದೆ. ನರದ ಎಳೆಗಳ ಸುತ್ತ ವಯರಿನ ಪ್ಲಾಸ್ಟಿಕ್ ತರ ಇರುವ ಹೊದಿಕೆಯಲ್ಲಿ ಅದು ಬೇಕೇ ಬೇಕು. ಸಂದೇಶ ಹೇಳದೇ ಬಿಟ್ಟದ್ದು ಏನೆಂದರೆ, ಮೆದುಳು ಆ ಕೊಲೆಸ್ಟರಾಲನ್ನು ರಕ್ತದಿಂದ ತೆಗೆದುಕೊಳ್ಳುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ, ಎಲ್‌ಡಿಎಲ್ ಅದನ್ನು ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಮನೆಯ ಬಾವಿ ನೀರು ನಮಗೆ ಸಾಕು, ಪಂಚಾಯತಿನ ಟ್ಯಾಂಕಿನಲ್ಲಿ ನೀರು ಏರಿದರೂ ಇಳಿದರೂ ನಮ್ಮ ಕೊಡಪಾನ ತುಂಬುತ್ತದೆ, ಹಾಗೆ.

ಇನ್ನೊಂದು ವಿಷಯ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಆಗಷ್ಟೇ ಹುಟ್ಟಿದ ಮಗುವಿನ ರಕ್ತದಲ್ಲಿ ಎಲ್‌ಡಿಎಲ್ ಎಷ್ಟು ಗೊತ್ತಾ? 30ರ ಆಸುಪಾಸು. ಮೆದುಳು ಜೀವಮಾನದಲ್ಲೇ ಅತಿ ವೇಗವಾಗಿ ಬೆಳೆಯುವ ಹೊತ್ತಿನಲ್ಲಿ! ನನ್ನ ಮಗನದ್ದನ್ನು 236ರಿಂದ 130ಕ್ಕೆ ಇಳಿಸಿದರೆ ಮೆದುಳಿಗೆ ಆಹಾರ ಸಾಲದು ಎನ್ನುವ ಮಾತು ಅಲ್ಲಿಗೆ ನನ್ನ ಮಟ್ಟಿಗೆ ಬಿದ್ದುಹೋಯಿತು. ಹುಟ್ಟಿನಿಂದಲೇ ಎಲ್‌ಡಿಎಲ್ ಬಹಳ ಕಡಿಮೆ ಇರುವ ಕುಟುಂಬಗಳೂ ಇವೆ, ಪಿಸಿಎಸ್‌ಕೆ9 ಎಂಬ ಜೀನ್ ಕೆಲಸ ಮಾಡದವರು. ಅವರ ಬುದ್ಧಿಗೂ ಏನೂ ಆಗಿಲ್ಲ, ಹೃದಯಾಘಾತ ಮಾತ್ರ ಅವರಲ್ಲಿ ತುಂಬಾ ಕಡಿಮೆ.

ಆದರೆ ರಕ್ತದ ಕೊಲೆಸ್ಟರಾಲ್ ಒಂದು, ಮಾತ್ರೆ ಇನ್ನೊಂದು. ಮಾತ್ರೆಯೇ ಮೆದುಳಿಗೆ ಹೋದರೆ? ಈ ಅನುಮಾನವೂ ಗಾಳಿಯಲ್ಲಿ ಬಂದದ್ದಲ್ಲ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಟ್ಯಾಟಿನ್‌ಗಳ ಚೀಟಿಯಲ್ಲಿ ಒಂದು ಸಾಲು ಸೇರಿಸಿತು. ಕೆಲವರು ಮರೆವು, ಗೊಂದಲ ಎಂದು ದೂರಿದ್ದಾರೆ, ಅದು ಗಂಭೀರವಾಗಿರಲಿಲ್ಲ, ಮದ್ದು ನಿಲ್ಲಿಸಿದಾಗ ಹೋಗಿದೆ ಎಂದು. ಆ ದೂರು ಕೊಟ್ಟವರು ದೊಡ್ಡವರು. ದೂರು ಎಂದರೆ ಹೋಲಿಕೆ ಅಲ್ಲ. ಮಾತ್ರೆ ತಿನ್ನುವವರಲ್ಲೂ ಮರೆವು ಇರುತ್ತದೆ, ತಿನ್ನದವರಲ್ಲೂ ಇರುತ್ತದೆ. ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡಿದ ದೊಡ್ಡ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮರೆವು ಬರಬಹುದಾದ ವಯಸ್ಸಿನವರಲ್ಲೇ, 70ರಿಂದ 82 ವರ್ಷದ 5,804 ಜನರಲ್ಲಿ, ಸುಮಾರು ಅರ್ಧ ಜನರಿಗೆ ಪ್ರವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ್ದಾರೆ. ನೆನಪು, ಚುರುಕು, ಎರಡೂ ಗುಂಪಿನಲ್ಲಿ ಒಂದೇ ರೀತಿ ಇತ್ತು. ಮತ್ತೆ ಪ್ರವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಇವು ನೀರಿನಲ್ಲಿ ಕರಗುವ ಜಾತಿ, ಕೊಬ್ಬಿನಲ್ಲಿ ಕರಗುವ ಸಿಮ್ವಾಸ್ಟ್ಯಾಟಿನ್‌ಗಿಂತ ಮೆದುಳಿಗೆ ಹೋಗುವುದು ಕಡಿಮೆ.

ಸರಿ, ಮಕ್ಕಳು? ಅತ್ತೆ ಕೇಳಿದ್ದು ಬೆಳೆಯುವ ಮಗುವಿನ ಬಗ್ಗೆ ಅಲ್ವಾ.

ನೆದರ್ಲೆಂಡ್ಸಿನಲ್ಲಿ 1997ರಿಂದ 1999ರೊಳಗೆ ಇದೇ ಕಾಯಿಲೆಯ 214 ಮಕ್ಕಳನ್ನು ಸೇರಿಸಿಕೊಂಡರು. ವಯಸ್ಸು 8ರಿಂದ 18. ಎರಡು ವರ್ಷ ಅರ್ಧ ಮಕ್ಕಳಿಗೆ ಪ್ರವಾಸ್ಟ್ಯಾಟಿನ್, ಅರ್ಧಕ್ಕೆ ಖಾಲಿ ಮಾತ್ರೆ. ಎತ್ತರ, ತೂಕ, ಪ್ರಾಯಕ್ಕೆ ಬರುವುದು, ಹಾರ್ಮೋನು, ಲಿವರ್, ಸ್ನಾಯು, ಯಾವುದರಲ್ಲೂ ಮಾತ್ರೆಯಿಂದ ತೊಂದರೆ ಕಾಣಲಿಲ್ಲ. ಆಮೇಲೆ ಎಲ್ಲರಿಗೂ ನಿಜವಾದ ಮದ್ದೇ ಕೊಟ್ಟರು. ಇಪ್ಪತ್ತು ವರ್ಷ ಬಿಟ್ಟು ಅವರನ್ನೇ ಮತ್ತೆ ಹುಡುಕಿ ಕರೆದರು, ಹೆಚ್ಚಿನವರು ಬಂದರು, ಜೊತೆಗೆ ಕಾಯಿಲೆ ಇಲ್ಲದ ಅವರ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಕರೆದರು. 2019ರಲ್ಲಿ ಅದು ಪ್ರಕಟವಾಯಿತು, ಇವರು ಆಸ್ಪತ್ರೆ ಸೇರುವುದಕ್ಕೆ ಒಂದು ತಿಂಗಳು ಮುಂಚೆ. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವ ವೇಗ ಕಾಯಿಲೆ ಇದ್ದವರಲ್ಲೂ ಇಲ್ಲದ ಒಡಹುಟ್ಟಿದವರಲ್ಲೂ ಒಂದೇ ಆಗಿತ್ತು. 39 ವರ್ಷ ತುಂಬುವುದರೊಳಗೆ ಹೃದಯ ರಕ್ತನಾಳದ ತೊಂದರೆ ಬಂದದ್ದು ಈ ಮಕ್ಕಳಲ್ಲಿ ನೂರಕ್ಕೆ 1. ಅದೇ ಕಾಯಿಲೆ ಇದ್ದು, ಸಣ್ಣ ವಯಸ್ಸಿನಲ್ಲಿ ಮದ್ದು ಸಿಗದೇ ಇದ್ದ ಅವರ ಅಪ್ಪ ಅಮ್ಮಂದಿರಲ್ಲಿ ಅದೇ ವಯಸ್ಸಿಗೆ ನೂರಕ್ಕೆ 26.

39 ವರ್ಷ. ಇವರದ್ದೂ ಅದೇ ವಯಸ್ಸು. ಆ ಸಾಲು ಓದಿದ ರಾತ್ರಿ ಮೊದಲ ಮಾತ್ರೆ ಕೊಟ್ಟೆ. 2020ರ ಫೆಬ್ರವರಿ.

ಬುದ್ಧಿಯನ್ನೇ ನೇರವಾಗಿ ಅಳೆದದ್ದು ಆಮೇಲೆ ಬಂತು, ಅದು ಮಾತ್ರೆಯದ್ದಲ್ಲ, ಇಂಜೆಕ್ಷನ್ನಿನದ್ದು. ಎವೊಲೊಕ್ಯುಮಾಬ್ ಎಂದು ಹೆಸರು, ತಿಂಗಳಿಗೊಮ್ಮೆ ಚುಚ್ಚುವುದು. ಸ್ಟ್ಯಾಟಿನ್ ತಿನ್ನುತ್ತಿದ್ದರೂ ಸಾಕಷ್ಟು ಇಳಿಯದ, 10ರಿಂದ 17 ವರ್ಷದ 157 ಮಕ್ಕಳಲ್ಲಿ ನೋಡಿದರು. ನಿಜವಾದ ಇಂಜೆಕ್ಷನ್ ಸಿಕ್ಕವರ ಎಲ್‌ಡಿಎಲ್ ಇನ್ನೂ ನೂರಕ್ಕೆ 44ರಷ್ಟು ಇಳಿಯಿತು. ಕೊಲೆಸ್ಟರಾಲ್ ಅಷ್ಟು ಕೆಳಗೆ ಹೋದಾಗ ಮಕ್ಕಳ ತಲೆಗೆ ಏನಾಗುತ್ತದೆ ಎಂದು ಅವರೂ ಕೇಳಿಕೊಂಡರು, ನಮ್ಮ ಅತ್ತೆಯ ಹಾಗೆಯೇ. ಮಕ್ಕಳನ್ನು ಕಂಪ್ಯೂಟರಿನ ಎದುರು ಕೂರಿಸಿ ಚಿಕ್ಕ ಆಟದಂಥ ಪರೀಕ್ಷೆಗಳನ್ನು ಕೊಟ್ಟರು. ಮರೆಯಾಗಿರುವ ದಾರಿಯನ್ನು ತಪ್ಪು ಮಾಡುತ್ತಾ ಹುಡುಕಿ ನೆನಪಿಟ್ಟುಕೊಳ್ಳುವುದು. ಇಸ್ಪೀಟ್ ಎಲೆ ತೋರಿಸಿ, ಇದನ್ನು ಮೊದಲು ನೋಡಿದ್ದೀಯಾ ಎಂದು ಕೇಳುವುದು. ಎಲೆ ತಿರುಗಿದ ಕೂಡಲೇ ಎಷ್ಟು ಬೇಗ ಗುಂಡಿ ಒತ್ತುತ್ತಾರೆ ಎಂದು ನೋಡುವುದು. ಶುರುವಿನಲ್ಲಿ ಒಮ್ಮೆ, 24 ವಾರ ಆದ ಮೇಲೆ ಒಮ್ಮೆ. ಇಂಜೆಕ್ಷನ್ ಸಿಕ್ಕ ಮಕ್ಕಳು ಖಾಲಿ ಇಂಜೆಕ್ಷನ್ನಿನ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ. 24 ವಾರ ಎಂದರೆ ಆರು ತಿಂಗಳೂ ಇಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇದು ಮಕ್ಕಳನ್ನೇ ಕೂರಿಸಿ, ಹೋಲಿಸಿ, ಅಳೆದದ್ದು. ಗೇರು ಗುಡ್ಡೆಯ ಕೆಳಗಿನ ಮಕ್ಕಳಿಗೆ ಅಷ್ಟೂ ಸಿಗಲಿಲ್ಲ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ, ಯಾಕೆಂದರೆ ಇಷ್ಟೆಲ್ಲ ಓದಿಕೊಂಡಿದ್ದ ನಾನೂ ಒಮ್ಮೆ ತಪ್ಪು ಮಾಡಿದೆ.

ಮಾತ್ರೆ ಶುರುವಾದ ಮುಂದಿನ ತಿಂಗಳೇ ಕೊರೊನಾ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು, ಹೋದ ಜೀವಗಳು, ಈಗ ನೆನೆಸಿದರೂ ಸಂಕಟ ಆಗುತ್ತದೆ. ಮಾತ್ರೆ ಊರಿನ ಮೆಡಿಕಲ್ಲಿನಲ್ಲೇ ಸಿಗುತ್ತಿತ್ತು, ರಕ್ತ ಪರೀಕ್ಷೆ ಮಾತ್ರ ತಡವಾಯಿತು. ಜುಲೈಯಲ್ಲಿ ಇಲ್ಲೇ ಒಂದು ಲ್ಯಾಬಿನಲ್ಲಿ ಮಾಡಿಸಿ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. 151. ಲಿವರ್ ಸರಿ. ಆಮೇಲೆ ಮಾತ್ರೆ 10 ಮಿಲಿಗ್ರಾಂ ಆಯಿತು, 126ಕ್ಕೆ ಬಂತು. ಡಾಕ್ಟರು ಹೇಳಿದ್ದು 130ಕ್ಕಿಂತ ಕೆಳಗಿರಲಿ ಎಂದು.

2022ರ ಜೂನಿನಲ್ಲಿ ಅವನು ಎಂಟನೇ ಕ್ಲಾಸಿಗೆ ಹೋದ. ಏಳರವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಓಣಂ ಪರೀಕ್ಷೆಯಲ್ಲಿ ವಿಜ್ಞಾನ, ಸಮಾಜ ಎರಡರಲ್ಲೂ ಮಾರ್ಕ್ ಪಾತಾಳಕ್ಕೆ ಇಳಿಯಿತು. ಮೊದಲು ಎಲ್ಲದರಲ್ಲೂ ಮುಂದಿದ್ದ ಹುಡುಗ. ಹೆತ್ತವರ ಸಭೆಯಲ್ಲಿ ಒಬ್ಬರು ಟೀಚರ್ "ಇವನಿಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ" ಎಂದರು. ಅವರು ಸಹಜವಾಗಿ ಹೇಳಿದ್ದು. ನನಗೆ ಮಾತ್ರ ಕೂತಲ್ಲೇ ಕೈಕಾಲು ತಣ್ಣಗಾಯಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಕಪಾಟಿನ ಕಡೆ ನೋಡಿದರು ಅಷ್ಟೆ. ಆ ರಾತ್ರಿ ಮಾತ್ರೆ ಕೊಡಲಿಲ್ಲ. ಡಾಕ್ಟರಿಗೆ ಹೇಳದೆ ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಿಸಿದೆವು.

ಕ್ರಿಸ್‌ಮಸ್ ಪರೀಕ್ಷೆ ಬಂತು. ಮಾರ್ಕ್ ಅಷ್ಟೇ, ಒಂದು ವಿಷಯದಲ್ಲಿ ಇನ್ನೂ ಕಡಿಮೆ. ರಜೆಯಲ್ಲಿ ಒಂದು ಸಂಜೆ ಅವನ ವಿಜ್ಞಾನದ ಪ್ರಶ್ನೆಪತ್ರಿಕೆ ಹಿಡಿದು ಪಕ್ಕದಲ್ಲಿ ಕೂತೆ. ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡ ಮಾಡಿ ಕೇಳಿದೆ. ಜೀವಕೋಶದ ಭಾಗ ಹೇಳಿದ, ಆಮ್ಲ ಲೋಹಕ್ಕೆ ತಾಗಿದರೆ ಏನಾಗುತ್ತದೆ ಹೇಳಿದ, ಆರನೇ ಕ್ಲಾಸಿನಲ್ಲಿ ಕಲಿತದ್ದನ್ನೂ ಸೇರಿಸಿ ಹೇಳಿದ. ಎಲ್ಲ ಗೊತ್ತಿತ್ತು. "ಹಾಗಾದರೆ ಬರೆಯಲಿಲ್ಲ ಯಾಕೆ ಮಗಾ?" ಎಂದೆ. "ಅಮ್ಮ, ಪ್ರಶ್ನೆಯೇ ಅರ್ಥ ಆಗ್ಲಿಲ್ಲ" ಎಂದ. ಅಷ್ಟು ದಿನ ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಮಾಧ್ಯಮ ಬದಲಾದ ಮಕ್ಕಳು ಮೊದಲ ವರ್ಷ ಎಷ್ಟು ಕಷ್ಟಪಡುತ್ತಾರೆ ಎಂದು ಇಪ್ಪತ್ತು ವರ್ಷ ಶಾಲೆಯಲ್ಲಿ ನೋಡಿದವಳು ನಾನು. ನನ್ನ ಮಗನ ವಿಷಯದಲ್ಲಿ ನನಗೆ ಕಂಡದ್ದು ಮಾತ್ರೆ ಒಂದೇ.

ಮರುದಿನ ರಕ್ತ ಪರೀಕ್ಷೆ ಮಾಡಿಸಿದೆ. 229. ಮೂರು ವರ್ಷ ಹಿಂದೆ ಎಲ್ಲಿದ್ದೆವೋ ಹೆಚ್ಚುಕಡಿಮೆ ಅಲ್ಲಿಗೆ.

ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯಲಿಲ್ಲ. ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗದ ವಿಷಯ ಹೇಳಿದರು. ಸ್ಟ್ಯಾಟಿನ್ ಮೈಗೆ ಆಗುವುದಿಲ್ಲ ಎಂದು ಬಿಟ್ಟಿದ್ದ 60 ಜನರಿಗೆ ಹನ್ನೆರಡು ಬಾಟಲಿ ಕೊಟ್ಟರು, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಖಾಲಿ ಮಾತ್ರೆ, ನಾಲ್ಕರಲ್ಲಿ ಏನೂ ಇಲ್ಲ. ದಿನಾ ಎಷ್ಟು ತೊಂದರೆ ಆಯಿತು ಎಂದು ಅವರೇ ಗುರುತು ಹಾಕಬೇಕು. ಸ್ಟ್ಯಾಟಿನ್ ತಿಂದಾಗ ಆದ ತೊಂದರೆಯಲ್ಲಿ ನೂರಕ್ಕೆ 90ರಷ್ಟು ಖಾಲಿ ಮಾತ್ರೆ ತಿಂದಾಗಲೂ ಆಗಿತ್ತು. 2020ರಲ್ಲಿ ಅದು ಪ್ರಕಟವಾಯಿತು. ಅವರಿಗೆ ನೋವು ಆಗಿದ್ದು ಸುಳ್ಳಲ್ಲ, ಆದರೆ ಹೆಚ್ಚಿನ ನೋವಿನ ಕಾರಣ ಮದ್ದಿನೊಳಗೆ ಇರಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಸ್ವಲ್ಪ ಅದೇ ತರ. ಹೆದರಿಕೆ ಮೊದಲೇ ಕಾದು ಕೂತಿತ್ತು, ಓಣಂ ಪರೀಕ್ಷೆಯ ಮಾರ್ಕ್ ಅದಕ್ಕೆ ಒಂದು ಕಾರಣ ಸಿಕ್ಕ ಹಾಗಾಯಿತು.

ಮಾತ್ರೆ ಮತ್ತೆ ಶುರು ಮಾಡಿದೆವು. ರಾತ್ರಿ ಊಟದ ನಂತರ ಅರ್ಧ ಗಂಟೆ ಅವನ ಜೊತೆ ಕೂತು ಪಾಠದ ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಬರೆದುಕೊಂಡೆವು. ಒಂದು ನೋಟ್‌ಬುಕ್ ತುಂಬಿತು. ಮಾರ್ಚ್ ಪರೀಕ್ಷೆಗೆ ಮೇಲೆ ಬಂದ. ಈಗ ಅವನಿಗೆ 16, ಪ್ಲಸ್ ಒನ್, ಸಯನ್ಸ್ ತೆಗೆದುಕೊಂಡಿದ್ದಾನೆ. ಒಬ್ಬ ಹುಡುಗನ ಮಾರ್ಕಿನಿಂದ ಮದ್ದಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಮಾರ್ಕ್ ಇಳಿದಾಗ ಮಾತ್ರೆ ಕಾರಣ ಅಲ್ಲ, ಏರಿದಾಗಲೂ ಅಲ್ಲ. ಅದಕ್ಕೇ ಆ 214 ಮಕ್ಕಳು, ಆ 157 ಮಕ್ಕಳು ಬೇಕು.

ನಾದಿನಿಗೆ ಮತ್ತೆ ಕೆಲವು ಮಾತು. ಎಂಟರಿಂದ ಹತ್ತು ವರ್ಷದೊಳಗೆ ಮಾತ್ರೆ ಶುರು ಮಾಡುವುದು ಎಲ್ಲ ಕಡೆಯ ರೂಢಿ, ಅವಸರ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. ಶುರು ಮಾಡುವ ಮುಂಚೆ ಲಿವರಿನ ಪರೀಕ್ಷೆ, ಸ್ನಾಯುವಿನ ಸಿಕೆ ಎಂಬ ಪರೀಕ್ಷೆ ಮಾಡಿಸುತ್ತಾರೆ, ಆಮೇಲೂ ನೋಡುತ್ತಾರೆ. ಆಡಿ ಬಂದ ಸುಸ್ತಲ್ಲದ ಸ್ನಾಯು ನೋವು, ಮೂತ್ರ ಕಂದು ಬಣ್ಣ ಆಗುವುದು, ಇಂಥದ್ದು ಅಪರೂಪ, ಆದರೆ ಕಂಡರೆ ಆ ದಿನವೇ ಡಾಕ್ಟರಿಗೆ ಹೇಳಬೇಕು. ನಿನ್ನ ದೊಡ್ಡ ಮಗಳ ಪರೀಕ್ಷೆ ಇನ್ನೂ ಆಗಿಲ್ಲ, ಅದನ್ನೂ ಮಾಡಿಸು. ಹೆಣ್ಣು ಮಕ್ಕಳಿಗೆ ಇದು ಬರುವುದಿಲ್ಲ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ, ತಪ್ಪು, ಸಮವಾಗಿ ಬರುತ್ತದೆ. ಹುಡುಗಿಯರು ಮುಂದೆ ಮದುವೆಯಾಗಿ ಮಗು ಬೇಕೆಂದಾಗ ಡಾಕ್ಟರಿಗೆ ಮೊದಲೇ ಹೇಳಬೇಕು, ಸಾಮಾನ್ಯವಾಗಿ ಆಗ ಮಾತ್ರೆ ನಿಲ್ಲಿಸುತ್ತಾರೆ.

ಮತ್ತೊಂದು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ನಮ್ಮ ಕಡೆ ಸೋದರತ್ತೆಯ ಮಗ, ಸೋದರಮಾವನ ಮಗಳು ಎಂದು ಒಳಗೊಳಗೇ ಸಂಬಂಧ ಮಾಡುವುದಿದೆ. ಈ ಜೀನ್ ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬರಬಹುದು. ಅಂಥ ಮಗುವಿಗೆ ಎಲ್‌ಡಿಎಲ್ ಸಾಮಾನ್ಯವಾಗಿ 400 ದಾಟುತ್ತದೆ, ಬೆರಳ ಸಂದಿ, ಮೊಣಕೈ, ಮಂಡಿಯ ಮೇಲೆ ಹಳದಿ ಗಂಟುಗಳು ಬರುತ್ತವೆ, ಹತ್ತು ಹದಿನೈದು ವರ್ಷಕ್ಕೇ ಹೃದಯದ ತೊಂದರೆ ಆಗಬಹುದು. ಜಾತಕದ ಜೊತೆ ಒಂದು ಲಿಪಿಡ್ ಪ್ರೊಫೈಲ್ ಕೂಡ ನೋಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇದನ್ನೆಲ್ಲ ಬರೆದು ಮುಗಿಸಿ ಅತ್ತೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಪಡ್ರೆಯ ಭಾಗ ಬಂದಾಗ, "ಆ ಹುಡುಗನ ವಿಷಯ ಇರಲಿ, ತೆಗೆಯಬೇಡ" ಎಂದರು. ಆಮೇಲೆ ನಾದಿನಿಗೆ ಅವರೇ ಫೋನ್ ಮಾಡಿದರು. ಎರಡನೇ ಪರೀಕ್ಷೆ ಬರುವ ಶನಿವಾರ, ಮಂಗಳೂರಿನಲ್ಲಿ. ಮಗುವಿನ ಜೊತೆ ತಾನೂ ಬರ್ತೇನೆ, ಡಾಕ್ಟರ ಹತ್ತಿರ ಕೇಳಲಿಕ್ಕಿದೆ ಎಂದು ಅತ್ತೆ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು.